ಸುಮಿತ್ರಾಬಾಯಿ ಸಹಿ ಮಾಡಲಿಲ್ಲ

ಶಹಾಬಾದದ ಆ ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಮೊದಲು ಇಬ್ಬರಿದ್ದರು. ಆಸಿಮಾ ಮದುವೆಯಾಗಿ ಹೈದರಾಬಾದಿಗೆ ಹೋದಳು. ಅವಳ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಎರಡು ವರ್ಷ ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು, ರಿಪೋರ್ಟ್ ಬರೆಯುವುದು, ಕೊನೆಗೆ ಗಾಜಿನ ನಳಿಕೆ ತೊಳೆಯುವುದೂ ಸುಮಿತ್ರಾಬಾಯಿಯೊಬ್ಬರ ಪಾಲಿಗೇ ಬಂತು. ವಯಸ್ಸು ನಲವತ್ತಾರು. ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ ಡ್ರೈವರನಿಂದ ಹಿಡಿದು ಎಲ್ಲರಿಗೂ ಶಾಲು ಹೊದಿಸಿದರು. ಆಗಲೂ ಇವರು ಒಳಗೆ ಯಾರದೋ ತೋಳಿನಲ್ಲಿ ನರ ಹುಡುಕುತ್ತಿದ್ದರು. ಇವರ ಹೆಸರು ಪಟ್ಟಿಯಲ್ಲೇ ಇರಲಿಲ್ಲ ಎಂದು ಆಮೇಲೆ ತಿಳಿಯಿತು.

ಜುಲೈ ತಿಂಗಳ ಒಂದು ಸೋಮವಾರ ಪರೀಕ್ಷೆಯ ಯಂತ್ರ ಮತ್ತೆ ಕೈಕೊಟ್ಟಿತು. ಯಂತ್ರ ಸರಿಯಿದೆಯೇ ಎಂದು ನೋಡಲು ದಿನಾ ಬೆಳಿಗ್ಗೆ ಒಂದು ದ್ರಾವಣ ಹಾಕಿ ನೋಡುತ್ತಾರೆ. ಅದರ ನಂಬರು ನೂರು ಬರಬೇಕು. ಆ ದಿನ ನೂರಾ ನಲವತ್ತು ಬಂತು. ಮತ್ತೆ ಹಾಕಿದರೆ ಎಪ್ಪತ್ತು. ಇದರ ಬಗ್ಗೆ ಅವರು ಆಗಲೇ ಮೂರು ಸಲ ಬರೆದು ಕೊಟ್ಟಿದ್ದರು. ಮ್ಯಾನೇಜರ್ ಸಂಗಮೇಶ್ವರ ಒಂದಕ್ಕೂ ಉತ್ತರಿಸಿರಲಿಲ್ಲ.

ಈಗ ಅವರೇ ಲ್ಯಾಬಿಗೆ ಬಂದರು. "ಮೇಡಂ, ಹೊರಗ ನಲವತ್ತು ಮಂದಿ ಕುಂತಾರ. ಹಳೇ ರಿಪೋರ್ಟ್ ನೋಡಿ ಹತ್ತಿರ ಹತ್ತಿರದ ನಂಬರ್ ಹಾಕಿ ಕೊಡ್ರಿ."

"ಸುಳ್ಳು ಬರದು ನಾ ಸಹಿ ಮಾಡಂಗಿಲ್ರಿ."

"ನಿಮ್ಮಂಥೋರು ಹತ್ತು ಮಂದಿ ಸಿಗ್ತಾರ."

"ಹತ್ತು ಮಂದಿ ಬ್ಯಾಡ್ರಿ, ಒಬ್ಬರನ್ನ ಕರ್ಕೊಂಡ್ ಬರ್ರಿ. ಎರಡು ವರ್ಷದಿಂದ ಅದನ್ನೇ ಕೇಳಾಕತ್ತೀನಿ."

ಕೈಗವಸು ಬಿಚ್ಚಿಟ್ಟು ಅವರು ಹೊರಗಿನ ಬೆಂಚಿನ ಮುಂದೆ ಹೋಗಿ ನಿಂತರು. "ಮಶೀನ್ ಕೆಟ್ಟದ. ಇವತ್ತು ರಿಪೋರ್ಟ್ ಸಿಗಂಗಿಲ್ಲ. ಅವಸರ ಇದ್ದೋರು ಸರ್ಕಾರಿ ದವಾಖಾನಿಗೆ ಹೋಗ್ರಿ."

ಭಂಕೂರಿನ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಕೆಲಸ ಮಾಡುವ, ಶುಗರ್ ಪರೀಕ್ಷೆಗೆ ಬಂದಿದ್ದ ರಶೀದಾಬೇಗಂ ಸಿಟ್ಟಿಗೆದ್ದರು. "ಅಕ್ಕಾರ, ಒಂದಿನದ ಕೂಲಿ ಬಿಟ್ಟು ಬಂದೀನಿ!"

"ಖರೆ ಅದ, ತಂಗಿ. ಆದ್ರ ತಪ್ಪು ನಂಬರ್ ನಂಬಿ ಡಾಕ್ಟರು ಶುಗರ್ ಗುಳಿಗಿ ಹೆಚ್ಚು ಮಾಡಿದ್ರ ನೀ ಕಾರ್ಖಾನ್ಯಾಗ ಚಕ್ಕರ್ ಬಂದು ಬೀಳ್ತಿ."

ರಶೀದಾಬೇಗಂ ಬಾಗಿಲಲ್ಲಿದ್ದ ಮ್ಯಾನೇಜರನ ಕಡೆ ತಿರುಗಿದರು. "ಹಂಗಾದ್ರ ಮುಂಜಾನಿ ರೊಕ್ಕ ತಗೊಂಡು ಚೀಟಿ ಯಾಕ ಮಾಡಿಸಿದ್ರಿ, ಸಾಹೇಬ್ರ?" ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು.

ಸಂಜೆ ಸಂಗಮೇಶ್ವರ ಕ್ಷಮಾಪಣೆ ಪತ್ರ ಕೇಳಿದರು. ಸುಮಿತ್ರಾಬಾಯಿ ಪತ್ರವನ್ನೇನೋ ಬರೆದರು. ಕ್ಷಮೆಯ ಮಾತು ಅದರಲ್ಲಿರಲಿಲ್ಲ. ಯಂತ್ರ ಕೆಟ್ಟ ದಿನಗಳು, ತಾವು ಬರೆದು ಕೊಟ್ಟ ತಾರೀಖುಗಳು, ಆ ದಿನ ಮ್ಯಾನೇಜರ್ ತಮಗೆ ಹೇಳಿದ ಮಾತು ಇದ್ದವು. ಒಂದು ಪ್ರತಿಯನ್ನು ಹಿರಿಯ ವೈದ್ಯರ ಕೈಗೇ ಕೊಟ್ಟರು. ಆ ದಿನ ತಾವು ಎಂಥ ನಂಬರು ನೋಡಿ ಔಷಧಿ ಬರೆಯಬೇಕಾಗುತ್ತಿತ್ತು ಎಂದು ತಿಳಿದು ಅವರ ಮುಖ ಕೆಂಪಾಯಿತು.

ನಾಲ್ಕೇ ದಿನದಲ್ಲಿ ಯಂತ್ರ ರಿಪೇರಿಯಾಯಿತು. ಮುಂದಿನ ತಿಂಗಳು ಸಪ್ನಾ ಎಂಬ ಹುಡುಗಿಯನ್ನು ಲ್ಯಾಬಿಗೆ ತೆಗೆದುಕೊಂಡರು. ಸುಮಿತ್ರಾಬಾಯಿಗೆ ಯಾರೂ ಒಂದು ಒಳ್ಳೆಯ ಮಾತು ಹೇಳಲಿಲ್ಲ. ಸಂಗಮೇಶ್ವರ ನಮಸ್ಕಾರಕ್ಕೆ ತಿರುಗಿ ಕೈ ಮುಗಿಯುವುದನ್ನೂ ಬಿಟ್ಟರು. ಇವರೂ ನಮಸ್ಕಾರ ಮಾಡುವುದನ್ನು ನಿಲ್ಲಿಸಿದರು.

ಮೊದಲ ದಿನ ಸಪ್ನಾಳಿಗೆ ಯಂತ್ರ ತೋರಿಸುತ್ತಿದ್ದಾಗ ಮ್ಯಾನೇಜರ್ ಬಾಗಿಲಲ್ಲೇ ಇದ್ದರು. ಸುಮಿತ್ರಾಬಾಯಿ ದನಿ ತಗ್ಗಿಸಲಿಲ್ಲ. "ಮುಂಜಾನಿ ಈ ನಂಬರ್ ಸರಿ ಬರ್ಲಿಲ್ಲಂದ್ರ, ಯಾರೇ ಹೇಳಲಿ, ಸಹಿ ಮಾಡಬ್ಯಾಡ."