ಐದನೆಯ ಉತ್ತರ

ಆಸ್ಪತ್ರೆಯಲ್ಲಿ ಅವನಿಗೆ ಹೆಸರಿದ್ದದ್ದು ಸಂಬಳದ ಪಟ್ಟಿಯಲ್ಲಿ ಮಾತ್ರ. ಮಿಕ್ಕವರಿಗೆಲ್ಲ ಅವನು ಪಟ್ಟಿ ಮಾವ. ಮೂಳೆ ವಿಭಾಗದ ಕೊನೆಯ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಮುರಿದ ಕೈಕಾಲುಗಳಿಗೆ ಪ್ಲಾಸ್ಟರ್ ಹಾಕಿದ ಮನುಷ್ಯ. ಬಕೆಟ್ಟಿಗೆ ಮೊಣಕೈ ಅದ್ದಿ ನೀರಿನ ಬಿಸಿ ನೋಡುವನು, ನೆನೆಹಾಕಿದ ಪಟ್ಟಿಯಿಂದ ಗುಳ್ಳೆ ಏಳುವುದು ನಿಲ್ಲುವ ತನಕ ಕಾಯುವನು. ಆಮೇಲೆ ಹಿಂಡಿ ಸುತ್ತಿದರೆ ಮೊಟ್ಟೆಯ ಚಿಪ್ಪಿನಂತೆ ನುಣುಪು. ದೊಡ್ಡ ಡಾಕ್ಟರು ಹೊಸಬರನ್ನು ಅವನ ಪಕ್ಕ ನಿಲ್ಲಿಸಿ, "ಇವನ ಕೈ ನೋಡಿ ಕಲೀರಿ, ಬಾಯಿ ನೋಡಿ ಅಲ್ಲ" ಅನ್ನುತ್ತಿದ್ದರು. ಬಾಯಿ ಕೆಟ್ಟದ್ದೇ, ಸುಳ್ಳಲ್ಲ.

ಆಮೇಲೆ ಕಾನೂನು ಬಂತು. ಪ್ರಮಾಣಪತ್ರ ಇಲ್ಲದವರು ರೋಗಿಯ ಮೈ ಮುಟ್ಟುವಂತಿಲ್ಲ. ಹಳಬರ ಮೇಲೆ ದೊಡ್ಡ ದಯೆ ತೋರಿಸಿ ಒಂದು ಪರೀಕ್ಷೆ ಇಟ್ಟರು: ನೂರು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ, ಸರಿಯಾದದ್ದರ ಮುಂದಿನ ಸೊನ್ನೆಗೆ ಮಸಿ ತುಂಬಬೇಕು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದಿದ್ದವನು ಎರಡು ತಿಂಗಳು ಮಗಳ ಮುಂದೆ ಕೂತು ಮೂಳೆಗಳ ಹೆಸರು ಉರುಹೊಡೆದ.

ಹದಿನೇಳನೆಯ ಪ್ರಶ್ನೆ: ಮಣಿಕಟ್ಟು ಮುರಿದು ಬಂದವರಿಗೆ ಪ್ಲಾಸ್ಟರ್ ಹಾಕುವಾಗ ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದೇನು? ಹೆಸರು ಕೇಳುವುದು, ಗ್ಲೌಸು ಹಾಕುವುದು, ಚೀಟಿ ನೋಡುವುದು, ಹತ್ತಿ ಸುತ್ತುವುದು. ಅವನಿಗೆ ಪಿತ್ತ ನೆತ್ತಿಗೇರಿತು. ಬೆರಳಲ್ಲಿ ಉಂಗುರವಿದ್ದರೆ ಮೊದಲು ಅದನ್ನು ತೆಗೆಸಬೇಕು. ಬಾವು ಏರಿದರೆ ಉಂಗುರ ಬೆರಳನ್ನೇ ತಿಂದುಹಾಕುತ್ತದೆ. ಪ್ರಶ್ನೆ ಬರೆದ ಪುಣ್ಯಾತ್ಮ ಮುರಿದ ಕೈ ಒಂದನ್ನಾದರೂ ಹಿಡಿದಿದ್ದಾನೋ ಇಲ್ಲವೋ! ನಾಲ್ಕರ ಪಕ್ಕದಲ್ಲಿ ತಾನೇ ಐದನೆಯ ಸೊನ್ನೆ ಬರೆದು, 'ಉಂಗುರ' ಎಂದು ಗೀಚಿ, ಮಸಿ ತುಂಬಿದ. ಕೈ ಹತ್ತಿದ ಮೇಲೆ ಕೇಳಬೇಕೆ? ಇನ್ನೂ ಹನ್ನೊಂದು ಕಡೆ ಹಾಗೇ ಮಾಡಿದ.

ಹಾಳೆ ಓದುವುದು ಯಂತ್ರ. ಅದು ಹಾಳೆಯನ್ನೇ ಉಗುಳಿತು. ಅಸಿಂಧು.

"ನಾಲ್ಕರಲ್ಲಿ ಒಂದು ಆರಿಸ್ಬೇಕಿತ್ತು ಯಜಮಾನ್ರೇ," ಎಂದ ಪರೀಕ್ಷಾ ಕಚೇರಿಯ ಗುಮಾಸ್ತ.

"ನಾಲ್ಕೂ ತಪ್ಪಾಗಿದ್ರೆ?"

"ತಪ್ಪಿರೋದ್ರಲ್ಲೇ ಸರಿಯಾದ್ದು ಆರಿಸ್ಬೇಕು. ಪರೀಕ್ಷೆ ಅಂದ್ರೆ ಅದೇ ತಾನೆ?"

"ನಿನ್ ಕೈ ಮುರೀಲಿ, ಆಗ ಗೊತ್ತಾಗತ್ತೆ!" ಮೇಜು ಗುದ್ದಿ ಬಂದ. ಗುದ್ದಿದ್ದಕ್ಕೆ ಅವನ ಕೈಯೇ ಎರಡು ದಿನ ನೋಯಿತು.

ಮರುವಾರ ಅವನನ್ನು ಬಟ್ಟೆ ಉಗ್ರಾಣಕ್ಕೆ ಹಾಕಿದರು, ಚಾದರ ಮಡಿಸುವುದಕ್ಕೆ. ಮಗಳು ಮರುಪರೀಕ್ಷೆಯ ಅರ್ಜಿ ತಂದು ಓದಿದಳು. ಅರ್ಜಿದಾರರು ಸದ್ಯ ಪ್ಲಾಸ್ಟರ್ ಕೆಲಸದಲ್ಲಿ ಇರತಕ್ಕದ್ದು.

"ಅಪ್ಪಾ, ಕೆಲಸದಲ್ಲಿದ್ರೆ ಪರೀಕ್ಷೆಯಂತೆ. ಪರೀಕ್ಷೆ ಪಾಸಾದ್ರೆ ಕೆಲಸವಂತೆ."

"ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ," ಅಂದಳು ಹೆಂಡತಿ. "ನಿಮ್ಗೆ ಮದುವೇನೂ ಆಯ್ತು, ಹುಚ್ಚೂ ಬಿಡ್ಲಿಲ್ಲ. ಅವ್ರು ಕೇಳಿದ್ದಕ್ಕೆ ಮಸಿ ಒತ್ತಿ ಬಂದಿದ್ರೆ ನಿಮ್ಮಪ್ಪನ ಗಂಟೇನ್ ಹೋಗ್ತಿತ್ತು?"

ಬೈಯಲು ಬಾಯಿ ತೆರೆದ. ಆಮೇಲೆ ಅರ್ಜಿಯನ್ನು ಚಾದರದ ಹಾಗೆ ನಾಲ್ಕು ಮಡಿಕೆ ಮಾಡಿಟ್ಟ.

ಮರುದಿನ ಮಧ್ಯಾಹ್ನ ಉಗ್ರಾಣದ ನಲ್ಲಿಯಡಿ ಕೈ ಹಿಡಿದ. ಮೂಳೆ ವಿಭಾಗದಲ್ಲಿದ್ದಾಗ ಊಟಕ್ಕೆ ಮೊದಲು ಉಗುರಿನ ಸಂದಿಯ ಪ್ಲಾಸ್ಟರಿನ ಬಿಳಿ ಪುಡಿ ಕೆರೆದು ತೆಗೆಯಲು ಹತ್ತು ನಿಮಿಷ ಬೇಕಾಗುತ್ತಿತ್ತು. ಇವತ್ತು ಉಗುರಲ್ಲಿ ಏನೂ ಇರಲಿಲ್ಲ. ಆದರೂ ಹತ್ತು ನಿಮಿಷ ಹಾಗೇ ನಿಂತಿದ್ದ.

"ಯಾರ್ರೀ ಅದು, ನೀರು ಸುಮ್ನೆ ಹೋಗ್ತಿದೆ!" ಎಂದು ಒಳಗಿನಿಂದ ಯಾರೋ ಕೂಗಿದರು.