ಫೋನಕ್ಕನ ಮೂರು ಮಿಲಿಮೀಟರ್

ಬೆಳಿಗ್ಗೆ ಐದೂಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯ ಕೋಣೆಯಲ್ಲಿ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಹನ್ನೆರಡು ತಗಡಿನ ಡಬ್ಬಿಗಳು, ಅವುಗಳಲ್ಲಿ ಸಾವಿರದ ನೂರಕ್ಕೂ ಹೆಚ್ಚು ಕಾರ್ಡುಗಳು, ಒಂದು ಹಳೆಯ ಫೋನು. ಐವತ್ತಾರರ ಮಹಿಳೆಯೊಬ್ಬರು ಸ್ವೆಟರಿನ ತೋಳು ಮೇಲೆ ಸರಿಸಿ, ಕೆಂಪು ಕ್ಲಿಪ್ಪಿನ ಕಾರ್ಡೊಂದನ್ನು ಎಳೆಯುತ್ತಾರೆ. ಇಡೀ ಆಸ್ಪತ್ರೆಗೆ ಇವರು ಫೋನಕ್ಕ. "ಏಳು ದಾಟಿದ್ರೆ ಜನ ಕೆಲಸಕ್ಕೆ ಹೊರಟುಬಿಡ್ತಾರೆ. ಆಮೇಲೆ ನಾನು ಗೋಡೆ ಜೊತೆ ಮಾತಾಡಬೇಕು ಅಷ್ಟೇ."

ಮೆದುಳಿನ ಗಡ್ಡೆಗಳೆಲ್ಲ ಕ್ಯಾನ್ಸರ್ ಅಲ್ಲ. ಕೆಲವು ನಿಧಾನವಾಗಿ ಬೆಳೆಯುತ್ತವೆ, ಬೇರೆಡೆ ಹರಡುವುದಿಲ್ಲ. ಆದರೆ ಬುರುಡೆಯೊಳಗೆ ಬಿಡುವಿನ ಜಾಗವೆಂಬುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆ ತೆಗೆಯುವ ವೈದ್ಯರು, ನರಕ್ಕೋ ರಕ್ತನಾಳಕ್ಕೋ ಅಂಟಿದ ಚೂರನ್ನು ಬೇಕೆಂದೇ ಬಿಟ್ಟುಬಿಡುತ್ತಾರೆ. ಆ ಉಳಿಕೆ ಮತ್ತೆ ಬೆಳೆಯದಂತೆ ತಡೆಯಲು ರೇಡಿಯೋಸರ್ಜರಿ. ಇದರಲ್ಲಿ ಚಾಕು ಇಲ್ಲ. ಸುಮಾರು ಇನ್ನೂರು ಸಣ್ಣ ಕಿರಣಗಳು ಬೇರೆ ಬೇರೆ ದಿಕ್ಕಿನಿಂದ ಹೊರಟು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಬಿಡಿಯಾಗಿ ಒಂದೊಂದೂ ದುರ್ಬಲ, ಕೂಡಿದಲ್ಲಿ ಮಾತ್ರ ಉಗ್ರ. ಫೋನಕ್ಕ ಇದನ್ನು ಹೇಳುವ ರೀತಿಯೇ ಬೇರೆ: "ಗಡ್ಡೆ ಮಾಯ ಆಗಲ್ಲ. ಬಾಲ ಮುದುರ್ಕೊಂಡು ಕೂತಲ್ಲೇ ಕೂರುತ್ತೆ."

ಇಪ್ಪತ್ತೊಂದು ವರ್ಷ ವಾರ್ಡಿನಲ್ಲಿ ಆಯಾ ಆಗಿದ್ದವರು. ರೋಗಿಗಳನ್ನು ಎತ್ತಿ ಮಲಗಿಸಿ ಬೆನ್ನು ಕೈಕೊಟ್ಟ ಮೇಲೆ ಈ ಕುರ್ಚಿಗೆ ಬಂದರು. ಸ್ಕ್ಯಾನಿಗೋ ಚಿಕಿತ್ಸೆಗೋ ಬರಬೇಕಾದವರನ್ನು ಕರೆಯುವುದೇ ಕೆಲಸ, ದಿನಕ್ಕೆ ಮೂವತ್ತು ಕರೆ. ಎತ್ತುವವರು ಹನ್ನೆರಡು ಜನ, ನಿಜಕ್ಕೂ ಬರುವವರು ಇಬ್ಬರೋ ಮೂವರೋ. ಕಂಪ್ಯೂಟರೂ ಮೆಸೇಜ್ ಕಳಿಸುತ್ತದೆ. "ಮೆಸೇಜಿಗೆ ಯಾರೂ ಹ್ಞೂಂ ಅನ್ನಬೇಕಾಗಿಲ್ಲ. ನನಗೆ ಅನ್ನಬೇಕು. ನನ್ನ ಮಗಳು ಅಂತಾಳೆ, ಊರವರಿಗೆಲ್ಲ ಫೋನ್ ಮಾಡ್ತೀಯ, ನಾನು ಮಾಡಿದ್ರೆ ಎತ್ತಲ್ಲ ಅಂತ."

ಇಂದಿನ ಕೆಂಪು ಕ್ಲಿಪ್ಪು, ಅಂದರೆ ಇನ್ನು ತಡಮಾಡಬಾರದ ಕಾರ್ಡು, ಗಡಿಯಾರ ರಿಪೇರಿ ಮಾಡುವವನೊಬ್ಬನದು. ವಯಸ್ಸು ನಲವತ್ತೊಂದು. ಹದಿನಾಲ್ಕು ತಿಂಗಳ ಹಿಂದೆ ಅವನ ಕಣ್ಣುಗಳ ಹಿಂದಿನ ಗಡ್ಡೆ ತೆಗೆದರು, ಅವರೆಕಾಳಿನಷ್ಟು ಉಳಿಯಿತು. ಆರು ತಿಂಗಳ ಹಿಂದಿನ ಸ್ಕ್ಯಾನಿನಲ್ಲಿ ಉಳಿಕೆಗೂ ಕಣ್ಣಿನ ನರಕ್ಕೂ ನಡುವೆ ಮೂರು ಮಿಲಿಮೀಟರ್ ಅಂತರ. ಕಣ್ಣಿನ ನರ ಅಷ್ಟು ಕಿರಣವನ್ನು ತಾಳುವುದಿಲ್ಲ, ಹಾಗಾಗಿ ಆ ಅಂತರ ಇರುವವರೆಗೆ ಮಾತ್ರ ಈ ಚಿಕಿತ್ಸೆ. ಅವನು ಚಿಕಿತ್ಸೆಯ ಎರಡು ತಾರೀಖು ತಪ್ಪಿಸಿದ್ದಾನೆ. ಫೋನಕ್ಕ ಐದು ಸಲ ಕರೆದಿದ್ದಾರೆ. ಇದು ಆರನೆಯದು.

"ಅಕ್ಕ, ಕೋಳಿಗಿಂತ ಮೊದಲು ನೀವೇ ಕೂಗ್ತೀರಲ್ಲ!"

"ಕೋಳಿ ಕೂಗಿದ್ರೆ ಏಳಬಹುದು, ನಾನು ಕೂಗಿದ್ರೆ ಬರಬೇಕು. ಯಾವತ್ತು ಬರ್ತೀಯ ತಮ್ಮಾ?"

"ಗುಂಡುಕಲ್ಲಿನ ಹಾಗಿದ್ದೀನಿ ಅಕ್ಕ. ಕ್ಯಾನ್ಸರ್ ಅಲ್ಲ, ನೆಮ್ಮದಿಯಾಗಿರು ಅಂತ ಡಿಸ್ಚಾರ್ಜ್ ದಿನ ನೀವೇ ಅಂದ್ರಲ್ಲ."

ಫೋನಕ್ಕ ಕಾರ್ಡಿನ ಮೇಲಿನ ಡಿಸ್ಚಾರ್ಜ್ ತಾರೀಖು ನೋಡುತ್ತಾರೆ. ಅಂದದ್ದು ನಿಜ. ಆಗೆಲ್ಲ ಮನೆಗೆ ಹೊರಟ ಪ್ರತಿಯೊಬ್ಬರಿಗೂ ತಾರೀಖಿನ ಚೀಟಿ ಕೊಡುತ್ತ ಅದೇ ಮಾತು ಹೇಳುತ್ತಿದ್ದರು. ಜನರ ಕಿವಿಗೆ ಮಾತು ಬಿತ್ತು, ಚೀಟಿ ಜೇಬಿನಲ್ಲೇ ಉಳಿಯಿತು.

"ಒಂದು ಗಡಿಯಾರ ಮುಖದ ಹತ್ತಿರ ಹಿಡ್ಕೋ. ಎಡಗಣ್ಣು ಮುಚ್ಚು. ಮುಳ್ಳು ಕೂಡುವ ಜಾಗಾನೇ ನೋಡ್ತಿರು, ಕಣ್ಣು ಆಡಿಸಬೇಡ. ಏನೇನು ಕಾಣುತ್ತೆ, ಹೇಳು."

"ಒಂಬತ್ತು ಇದೆ. ಹತ್ತು, ಹನ್ನೊಂದು. ಹನ್ನೆರಡು ಇದೆ." ಎಣಿಕೆ ಅಲ್ಲಿಗೇ ನಿಲ್ಲುತ್ತದೆ. ಹಿಂದಿನಿಂದ ಹೆಂಡತಿಯ ದನಿ: "ಯಾಕ್ರೀ, ಏನಾಯ್ತು?"

"ಒಂದು, ಎರಡು ಸರಿಯಾಗಿ ಕಾಣ್ತಿಲ್ಲ ಅಕ್ಕ," ಎನ್ನುತ್ತಾನೆ ಅವನು, ಮೆಲ್ಲಗೆ.

ನಾಲ್ಕನೆಯ ದಿನ ಗಂಡಹೆಂಡತಿ ಬರುತ್ತಾರೆ. ಸ್ಕ್ಯಾನ್ ಆಗುತ್ತದೆ. ಮೂರು ಮಿಲಿಮೀಟರ್ ಮುಗಿದಿದೆ. ಗಡ್ಡೆ ಈಗ ನರವನ್ನು ತಳ್ಳುತ್ತಿದೆ. ಒಂದೇ ದಿನದಲ್ಲಿ ಮುಗಿಯುತ್ತಿದ್ದ ಚಿಕಿತ್ಸೆಗೆ ಈಗ ದಾರಿಯಿಲ್ಲ. ಮೊದಲು ಮತ್ತೆ ಚಾಕು, ನರದಿಂದ ಗಡ್ಡೆ ಬಿಡಿಸಿದ ಮೇಲೆ ಕಿರಣದ ಮಾತು. ಹೋದ ದೃಷ್ಟಿ ಮರಳುತ್ತದೆಯೇ ಎಂದು ಹೆಂಡತಿ ಕೇಳುತ್ತಾಳೆ. ವೈದ್ಯರು ಆಣೆ ಮಾಡಿ ಹೇಳುವುದಿಲ್ಲ.

ಅವನು ಕೆಳಗಿಳಿದು ಫೋನಕ್ಕನ ಬಾಗಿಲಿಗೆ ಬರುತ್ತಾನೆ. ಬಲಗಡೆಯ ಚೌಕಟ್ಟಿಗೆ ಭುಜ ತಾಗುತ್ತದೆ.

"ಬೈಯೋದಿದ್ರೆ ಬೈದುಬಿಡಪ್ಪ," ಎನ್ನುತ್ತಾರೆ ಫೋನಕ್ಕ.

"ಬೈಯೋಕೆ ನಿಮ್ಮೊಬ್ಬರದೇ ತಪ್ಪಾ? ಐದು ಸಲ ಕರೆದ್ರೂ ನಾನು ಬರಲಿಲ್ಲ."

ಈಗ ಚೀಟಿ ಕೊಡುವಾಗ ಫೋನಕ್ಕ ಹೇಳುವುದು ಬೇರೆ: "ಕ್ಯಾನ್ಸರ್ ಅಲ್ಲ. ಆದರೆ ಮುಗಿದಿಲ್ಲ." ಕೇಳಿದವರ ಮುಖ ಬಾಡುತ್ತದೆ. "ಬಾಡಲಿ ಬಿಡಿ. ಬಾಡಿದ ಮುಖದವರು ವಾಪಸ್ ಬರ್ತಾರೆ."

ಅವನ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿದೆ. ಅದರ ಮೂರು ತಿಂಗಳ ನಂತರದ ಸ್ಕ್ಯಾನಿನ ತಾರೀಖನ್ನು ಕಾರ್ಡಿಗೆ ಬರೆದು ಡಬ್ಬಿಗೆ ಸೇರಿಸುತ್ತಾರೆ. ನಿಮಗೇನು ಆಸೆ ಎಂದು ಕೇಳಿದರೆ ಫೋನಿನ ಕಡೆ ಕೈ ತೋರಿಸುತ್ತಾರೆ.

"ಆ ಸ್ಕ್ಯಾನಿನ ದಿನ ಬೆಳಿಗ್ಗೆ ಇದು ತಾನಾಗೇ ಹೊಡ್ಕೋಬೇಕು. 'ಹೊರಟಿದ್ದೀನಿ ಅಕ್ಕ' ಅಂತ ಅವನೇ ಅನ್ನಬೇಕು. ಅಷ್ಟು ಸಾಕು."