ಮಾಸ್ತರನ ಧಾರಾವಾಹಿಗೆ ನಾವು ನಂಬರ್ ಕೊಟ್ಟ ಭಾನುವಾರ

ತಾರ್ನಾಕದ ಕಾಕಾ ನಮಗೆ ರಕ್ತಸಂಬಂಧಿಯೇನಲ್ಲ. ಧಾರವಾಡದ ಕಡೆಯವರು, ರಕ್ಷಣಾ ಕಾರ್ಖಾನೆಯೊಂದರಿಂದ ನಿವೃತ್ತರಾದವರು. ಹೈದರಾಬಾದಿನಲ್ಲಿ ಕನ್ನಡ ಮಾತಾಡುವವರು ಕಂಡರೆ ಸಾಕು, ಕಾಕಾ ಆಗಿಬಿಡುತ್ತಿದ್ದರು. ಭಾನುವಾರ ಸಂಜೆ ನಾವೂ ಇನ್ನೊಂದು ಮನೆಯವರೂ ಅಲ್ಲಿ ಸೇರಿ ಹಿಂದಿ ಧಾರಾವಾಹಿಯೊಂದನ್ನು ನೋಡುತ್ತಿದ್ದೆವು. ಮಾಡದ ಕೊಲೆಗೆ ಜೈಲು ಸೇರಿದ ಮಾಸ್ತರನ ಕಥೆ. ಕಾಕಾ ಪ್ರತಿ ವಾರ ಕರವಸ್ತ್ರ ತೋಯಿಸುತ್ತಿದ್ದರು. "ಸಾಕ್ಷಿ ಇಲ್ದ ಒಬ್ಬರ ಮ್ಯಾಲೆ ಬೆರಳ ತೋರಸೂದಂದ್ರ ಮಹಾಪಾಪ ನೋಡ್ರಿ" ಎಂದು ಜಾಹೀರಾತಿನ ನಡುವೆ ಭಾಷಣವೂ ಇರುತ್ತಿತ್ತು.

ಕೊನೆಯ ಕಂತನ್ನು ಒಟ್ಟಿಗೆ ನೋಡಿ, ಆಮೇಲೆ ಯಾವುದು ಮೊದಲು, ಯಾವುದು ಕಡೆಗೆ ಎಂದು ಎಲ್ಲ ಕಂತುಗಳಿಗೂ ನಂಬರ್ ಕೊಡುವುದೆಂದು ಮಾತಾಗಿತ್ತು. ಕಂತು ಮೊಬೈಲಿನಲ್ಲಿ ಎರಡು ದಿನ ಮೊದಲೇ ಬರುತ್ತಿದ್ದರೂ ಯಾರೂ ಮುಂಚೆ ನೋಡಕೂಡದೆಂದು ಕಾಕಾರ ಕಟ್ಟಪ್ಪಣೆ.

ನಾವು ಸನತ್‌ನಗರದಿಂದ ಹೋಗಿ ಮುಟ್ಟಿದಾಗ ಕಾಕಾರ ಮುಖ ಗಂಟಿಕ್ಕಿತ್ತು.

"ಕೊಲಿ ಮಾಡಿದಂವ ಮಾಸ್ತರನ ಹೆಂಡ್ತಿ ತಮ್ಮ ಅಂತ. ಊಟಕ್ಕ ಕುಂತಾಗ ನಮ್ಮಾಕಿ ಬಾಯಿಂದ ಬಂತು. ನಿನ್ನೆ ಯಾರೋ ಫೋನಿನಾಗ ಹೇಳ್ಯಾರಂತ. ಯಾರಂತ ಹೇಳವಲ್ಲಳು."

ಕಾಕಾರ ಹೆಂಡತಿ ಕಾಕೂ ಸೆರಗಿನ ತುದಿ ತಿರುಚುತ್ತ ನಿಂತಿದ್ದರು. ಹಿಂದಿನ ದಿನ ಅವರಿಗೆ ಫೋನ್ ಮಾಡಿದ್ದು ನಾನೇ, ಗುರೆಳ್ಳು ಚಟ್ನಿಗೆ ಬೆಳ್ಳುಳ್ಳಿ ಹುರಿಯಬೇಕೋ ಬೇಡವೋ ಎಂದು ಕೇಳಲು. ಅದನ್ನೇ ಹೇಳಿದೆ. ಹೇಳಿದ್ದೇ ತಪ್ಪಾಯಿತು.

"ಚಟ್ನಿ ಅಂತ, ಚಟ್ನಿ!" ಎಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಇನ್ನೊಂದು ಮನೆಯ ಯಜಮಾನರು ನಕ್ಕರು. "ಹೋದ ವಾರ ಟಿವಿಯಾಗ ಆ ಮಾಸ್ತರನ ಹೆಂಡ್ತಿ ತಮ್ಮ ಬಂದಾಗ ಇವರು ನಕ್ಕಿದ್ರು. ನಾ ನೋಡೀನಿ."

"ನನಗೂ ಡೌಟ್ ಇತ್ತು ಬಿಡ್ರಿ" ಎಂದರು ಅವರ ಹೆಂಡತಿ.

ನಾನು ಗಂಡನ ಕಡೆ ನೋಡಿದೆ. ಅವರು "ಇಕಿ ಹೊಟ್ಟ್ಯಾಗ ಮಾತು ನಿಲ್ಲೂದಿಲ್ಲರೀ ಕಾಕಾ" ಎಂದು ಹೇಳಿ ಒಗ್ಗರಣೆ ಅವಲಕ್ಕಿಗೆ ಕೈ ಹಾಕಿದರು. ವಿಚಾರಣೆ ಮುಗಿಯಿತು, ಟಿವಿ ಹಚ್ಚಿದರು.

ಅರ್ಧ ಕಂತಾಗಿತ್ತು. ಚಹಾ ತಂದ ಕಾಕೂ ತಟ್ಟೆ ಹಿಡಿದೇ ನಿಂತು, "ಈಗ ಲೈಟ್ ಹೋಗ್ತಾವ ನೋಡ್ರಿ, ಎದಿ ಝಲ್ ಅಂತೈತಿ" ಎಂದುಬಿಟ್ಟರು. ಪರದೆಯ ಮೇಲೆ ದೀಪ ಆರಿತು. ಕಾಕಾ ಕೆಮ್ಮಿ, ಟಿವಿಯ ದನಿ ಏರಿಸಿದರು.

ಆಮೇಲೆ ನಂಬರ್. ನ್ಯಾಯಾಧೀಶರು ಎದ್ದು ನಿಂತು ಮಾಸ್ತರನಿಗೆ ಕೈಮುಗಿಯುತ್ತಾರೆಂದು ಕಾಕಾ ಕೊನೆಯ ಕಂತಿಗೇ ಮೊದಲ ಸ್ಥಾನ ಕೊಟ್ಟರು. ಓಣಿಯವರೆಲ್ಲ ಮಾಸ್ತರನ ವಿರುದ್ಧ ಸಾಕ್ಷಿ ಹೇಳಿ ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣುವ ಕಂತು ಮೊದಲು ಬರಬೇಕೆಂದೆ ನಾನು.

"ಅದರಾಗ ಏನೈತಿ? ಬರೇ ನೆರಿಮನಿಯವರು" ಎಂದು ಕಾಕಾ ಅದನ್ನು ಕಡೆಗೆ ತಳ್ಳಿದರು.

"ನನ್ನ ಕೇಸ್ ಏನಾತ್ರಿ ಕಾಕಾ?"

"ಅಯ್ಯ, ಅದು ಚ್ಯಾಷ್ಟಿ ತಂಗಿ. ನೀ ಭಾಳ ಮನಸಿಗೆ ಹಚ್ಕೊಂತಿ."

ಅಡುಗೆಮನೆಯಲ್ಲಿ ಕಾಕೂ ನನ್ನ ಕೈ ಹಿಡಿದುಕೊಂಡರು. "ಮೊಬೈಲಿನಾಗ ನಾನ ನೋಡಿದ್ದೆ ಯವ್ವಾ. ಹೇಳಿದ್ರ ಇವರು ವಾರಗಟ್ಟಲೆ ಮಾತು ಬಿಡತಿದ್ರು. ನೀನಾದ್ರ ರಾತ್ರಿಗೆ ನಿಮ್ಮನಿಗೆ ಹೋಗ್ತಿ."

ಮೈ ಉರಿಯಿತು. ಆದರೆ ಅವರ ಲೆಕ್ಕಾಚಾರದಲ್ಲಿ ತಪ್ಪು ಹುಡುಕಲೂ ಆಗಲಿಲ್ಲ. ತೊಳೆಯಲು ಎತ್ತಿಕೊಂಡಿದ್ದ ಕಪ್ಪುಗಳನ್ನು ಹಾಗೇ ಬಿಟ್ಟು ಹೊರಗೆ ಬಂದೆ.

ಆಟೊದಲ್ಲಿ ಗಂಡ, "ಆ ಜಡ್ಜ್ ಸೀನ್ ಛಲೋ ಇತ್ತಲ್ಲ?" ಎಂದರು. ನಾನು ಹೊರಗಿನ ರಸ್ತೆ ನೋಡುತ್ತ ಕೂತೆ. ಸಿಕಂದರಾಬಾದ್ ದಾಟಿದ ಮೇಲೆ ನನ್ನ ಕಡೆ ತಿರುಗಿ, "ಯಾಕ, ತಲಿನೋವೇನ?" ಎಂದು ಕೇಳಿದರು.